ಹತ್ತಡಿ ಕೋಣೆಯ ಹೋಂ ಥಿಯೇಟರ್: ಮಾತು ಮುಳುಗುವ ದೋಷ ಹುಡುಕುವ ಬಗೆ

ಲಕ್ಷಣ ಇದು. ಹಿನ್ನೆಲೆ ಸಂಗೀತ ಗುಡುಗುತ್ತದೆ, ಫೈಟು ಬಂದರೆ ಕಿಟಕಿ ನಡುಗುತ್ತದೆ, ಆದರೆ ಮಾತು ಮಾತ್ರ ಅರ್ಥವಾಗುವುದಿಲ್ಲ. ಮಾತು ಕೇಳಲಿ ಅಂತ ವಾಲ್ಯೂಮ್ ಏರಿಸಿದರೆ ಮುಂದಿನ ಸೀನಿನಲ್ಲಿ ಕಿವಿ ಮುಚ್ಚಿಕೊಳ್ಳಬೇಕು. ಇಳಿಸಿದರೆ ಮತ್ತೆ ಗುಸುಗುಸು. ಸಿನಿಮಾ ಮುಗಿಯುವ ತನಕ ರಿಮೋಟ್ ಕೈಯಲ್ಲೇ ಇರಬೇಕು.

ನಮ್ಮ ಮನೆಯಲ್ಲಿ ಈ ದೋಷ ಆರು ತಿಂಗಳು ಇತ್ತು. ಮನೆ ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ, ಹಳೆಯದು. ಸಾಮಾನು ತುಂಬುತ್ತಿದ್ದ ಒಂದು ಕೋಣೆಯನ್ನು ಖಾಲಿ ಮಾಡಿ ಹೋಂ ಥಿಯೇಟರ್ ಮಾಡಿದೆವು. ಉದ್ದ 10 ಅಡಿ, ಅಗಲ 9, ಎತ್ತರ 10. ರೆಡ್ ಆಕ್ಸೈಡ್ ನೆಲ, ಬರೀ ಗೋಡೆ, ಒಂದು ಕಿಟಕಿ, ಬಾಗಿಲ ಮೇಲೆ ಅಟ್ಟ. 43 ಇಂಚಿನ ಟಿವಿ ಮೊದಲೇ ಇತ್ತು. ಅದರ ಜೊತೆ ಸೆಕೆಂಡ್ ಹ್ಯಾಂಡ್ ರಿಸೀವರ್ (ಸದ್ದನ್ನು ಬಲಪಡಿಸಿ ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ), ಒಂದು ಜೊತೆ ಪುಟ್ಟ ಸ್ಪೀಕರ್, ಟಿವಿಯ ನಡುವೆ ಇಡುವ ಒಂದು ಸೆಂಟರ್ ಸ್ಪೀಕರ್, ಬೇಸ್ ಮಾತ್ರ ನುಡಿಸುವ 8 ಇಂಚಿನ ಸಬ್‌ವೂಫರ್. ಟಿವಿ ಬಿಟ್ಟು ಒಟ್ಟು 24 ಸಾವಿರ ರೂಪಾಯಿ ಆಯಿತು.

ಇದನ್ನು ಮಾಡಿದ್ದು ಅಪ್ಪನಿಗಾಗಿ. ಅವರಿಗೆ 74 ವರ್ಷ, ಮಂಡಿನೋವು. ಅವರು ನಡೆದೇ ಹೋಗಿ ಸಿನಿಮಾ ನೋಡುತ್ತಿದ್ದ ಶಾಂತಲಾ 2020ರಲ್ಲಿ ಮುಚ್ಚಿತು. ಅಲ್ಲಿಂದ ಮುಂದೆ ಅವರು ಸಿನಿಮಾ ನೋಡುವುದನ್ನೇ ಬಿಟ್ಟಿದ್ದರು. ಕೋಣೆ ತಯಾರಾದ ಮೇಲೆ ಖುಷಿಯಿಂದ ಬಂದು ಕೂತರು. ಅರ್ಧ ಗಂಟೆಯಾದ ಮೇಲೆ, “ಚೆನ್ನಾಗಿದೆ ಕಣೋ. ಆದ್ರೆ ಏನ್ ಮಾತಾಡ್ತಿದಾರೆ ಅಂತಾನೇ ಗೊತ್ತಾಗ್ತಿಲ್ಲ” ಅಂದರು. ಆ ಮಾತು ನನ್ನನ್ನು ತುಂಬಾ ದಿನ ಕಾಡಿತು.

ಅಂಗಡಿಯೊಂದರಲ್ಲಿ ಕೇಳಿದಾಗ, ಸೆಂಟರ್ ಸ್ಪೀಕರ್ ಚಿಕ್ಕದಾಯಿತು, 12 ಸಾವಿರದ್ದು ಹಾಕಿ ಅಂದರು. ದುಡ್ಡು ಹೊಂದಿಸುತ್ತಲೂ ಇದ್ದೆ. ಅಷ್ಟರಲ್ಲಿ ದಸರಾ ಬಂತು.

ದಸರಾ ಕೊಟ್ಟ ಸುಳಿವು

ಜಂಬೂಸವಾರಿ ನೋಡಲು ಪ್ರತಿ ವರ್ಷ ಅತ್ತೆ, ಚಿಕ್ಕಪ್ಪ, ಅವರ ಮಕ್ಕಳು ಎಲ್ಲರೂ ಬರುತ್ತಾರೆ. ರಾತ್ರಿ ಹಾಲ್‌ನಲ್ಲಿ ಸಾಲಾಗಿ ಹಾಸಿಗೆ. ಬೆಳಿಗ್ಗೆ ಆ ಹತ್ತಿ ಹಾಸಿಗೆಗಳನ್ನೆಲ್ಲ ಮಡಿಸಿ ಥಿಯೇಟರ್ ಕೋಣೆಯ ಹಿಂದಿನ ಗೋಡೆಗೆ ಒತ್ತಿ ಪೇರಿಸುತ್ತಿದ್ದೆವು. ಒಂದು ಮಧ್ಯಾಹ್ನ ಅಪ್ಪ ಅಲ್ಲಿ ಕೂತು ಹಳೆಯ ಸಿನಿಮಾ ನೋಡುತ್ತಿದ್ದರು. ನನ್ನನ್ನು ಕರೆದು, “ಇವತ್ತು ಏನ್ ಮಾಡ್ದೆ? ಪ್ರತಿ ಮಾತೂ ಕೇಳ್ತಿದೆ” ಅಂದರು. ನಾನು ಏನೂ ಮಾಡಿರಲಿಲ್ಲ.

ನೆಂಟರು ಹೊರಟರು, ಹಾಸಿಗೆ ಅಟ್ಟ ಸೇರಿತು, ದೋಷ ಮರುದಿನವೇ ವಾಪಸ್ ಬಂತು. ಅದೇ ಸ್ಪೀಕರ್, ಅದೇ ವೈರ್, ಅದೇ ಸಿನಿಮಾ. ಅಂದರೆ ತಪ್ಪು ಪೆಟ್ಟಿಗೆಗಳದ್ದಲ್ಲ, ಕೋಣೆಯದು ಅಂತ ಆಗ ಗೊತ್ತಾಯಿತು. 12 ಸಾವಿರ ಉಳಿಯಿತು.

ಆದರೆ ಇಲ್ಲಿ ಅವಸರ ಮಾಡಬೇಡಿ. ‘ಹಾಸಿಗೆ ಇಟ್ಟರೆ ಸರಿಹೋಗುತ್ತದೆ’ ಅಂತ ನಾನೂ ಮೊದಲು ಅಂದುಕೊಂಡೆ. ಕೂತು ಯೋಚಿಸಿದಾಗ ಆ ಹತ್ತು ದಿನ ಆ ಕೋಣೆಯಲ್ಲಿ ಬದಲಾಗಿದ್ದು ಒಂದಲ್ಲ, ಮೂರು ವಿಷಯ ಅಂತ ತಿಳಿಯಿತು. ಹಾಸಿಗೆ ಬಂದಿತ್ತು. ಹಾಸಿಗೆಗೆ ಜಾಗ ಬೇಕಿದ್ದರಿಂದ ಅಪ್ಪನ ಈಸಿ ಚೇರ್ ಸುಮಾರು ಎರಡೂವರೆ ಅಡಿ ಮುಂದಕ್ಕೆ ಸರಿದಿತ್ತು. ಇನ್ನೊಂದು, ದಸರಾ ಗೊಂಬೆ ಇಡುವ ದೊಡ್ಡ ತಗಡಿನ ಟ್ರಂಕು ಅಟ್ಟದಿಂದ ಇಳಿದು ಹಾಲ್‌ಗೆ ಹೋಗಿತ್ತು. ಮೂರರಲ್ಲಿ ಯಾವುದು ಕೆಲಸ ಮಾಡಿತು? ಒಂದೊಂದನ್ನೇ ಬೇರೆಬೇರೆಯಾಗಿ ಮಾಡಿ ನೋಡದೆ ಹೇಳಲು ಬರುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಈ ನಿಯಮ ಬಿಟ್ಟರೆ ದೋಷ ಸಿಕ್ಕರೂ ಸಿಕ್ಕಿದ್ದು ಯಾವುದು ಅಂತ ಗೊತ್ತಾಗುವುದಿಲ್ಲ.

ಅಳೆಯುವುದಕ್ಕೆ ಒಂದು ಕೋಲು ಬೇಕಲ್ಲ, ಅದನ್ನು ಮನೆಯಲ್ಲೇ ಮಾಡಿಕೊಂಡೆ. ಕಾಲು, ಪಾಲು, ಸಾಲು, ಹಾಲು, ಕಪ್ಪು, ತಪ್ಪು, ಉಪ್ಪು. ಹೀಗೆ ಒಂದಕ್ಕೊಂದು ಹತ್ತಿರವಿರುವ 20 ಪದಗಳನ್ನು ನನ್ನ ದನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ, ಹಿಂದೆ ಸಿನಿಮಾ ಸಂಗೀತ ಸೇರಿಸಿ, ಸಿಸ್ಟಮ್‌ನಲ್ಲಿ ಹಾಕಿದೆ. ಅಪ್ಪ ಕೇಳಿಸಿದ್ದನ್ನು ತಿರುಗಿ ಹೇಳಬೇಕು. ಪ್ರತಿ ಸಲ ಪದಗಳ ಸಾಲು ಬದಲಿಸಿ, ವಾಲ್ಯೂಮ್ ಅಂಕಿ ಮಾತ್ರ ಬದಲಿಸದೆ. ಮೊದಲ ಸಲ ಅರ್ಧಕ್ಕರ್ಧ ತಪ್ಪಿತು. ಈ ಪರೀಕ್ಷೆಗೆ ಕಾರಣವಿದೆ. ಮಾತಿನ ಗಟ್ಟಿ ಸದ್ದು ಸ್ವರಗಳಲ್ಲಿ ಇರುತ್ತದೆ, ಅರ್ಥ ಬಿಡಿಸುವುದು ವ್ಯಂಜನಗಳು. ಕ, ತ, ಪ, ಸ ಇವೆಲ್ಲ ಕ್ಷಣಮಾತ್ರ ಬಂದುಹೋಗುವ, ಬಲ ಕಡಿಮೆ ಇರುವ ಸದ್ದುಗಳು. ಪ್ರತಿಧ್ವನಿ ಬಂದರೂ ಗುಡುಗು ಬಂದರೂ ಮೊದಲು ಮುಳುಗುವುದು ಇವೇ.

ಕೋಣೆಗೆ ಕೈ ಹಾಕುವ ಮೊದಲು

ಕೆಲವು ಸುಲಭದ ತಪ್ಪುಗಳನ್ನು ಹತ್ತು ನಿಮಿಷದಲ್ಲಿ ಹೊರಗೆ ಹಾಕಬಹುದು. ಇವು ಇದ್ದರೆ ಕೋಣೆಗೆ ಎಷ್ಟು ಮಾಡಿದರೂ ಪ್ರಯೋಜನವಿಲ್ಲ.

ಮೊದಲನೆಯದು ಸೆಟ್ಟಿಂಗ್. ನಿಮ್ಮದು ಎರಡೇ ಸ್ಪೀಕರ್, ಒಂದು ಸಬ್‌ವೂಫರ್ ಇರುವ 2.1 ಸೆಟ್ ಆಗಿದ್ದು, ರಿಸೀವರ್‌ನಲ್ಲಿ ಸೆಂಟರ್ ‘ಇದೆ’ ಅಂತ ಇದ್ದರೆ ಮಾತು ಇಲ್ಲದ ಸ್ಪೀಕರ್‌ಗೆ ಹೋಗುತ್ತಿರುತ್ತದೆ. ಐದು ಸ್ಪೀಕರ್, ಒಂದು ಸಬ್‌ವೂಫರ್‌ಗೆ ಅಂತ ಮಾಡಿದ 5.1 ಸಿನಿಮಾದಲ್ಲಿ ಮಾತಿನ ಬಹುಪಾಲು ಸೆಂಟರ್ ಚಾನೆಲ್‌ನಲ್ಲೇ ಇರುತ್ತದೆ. ಹಾಗಾಗಿ ರಿಸೀವರ್‌ನ ಸ್ಪೀಕರ್ ಸೆಟಪ್‌ನಲ್ಲಿ ಸೆಂಟರ್ ‘ಇಲ್ಲ’ ಮಾಡಿ. ಸಾದಾ ಆಂಪ್ಲಿಫೈಯರ್ ಆಗಿದ್ದರೆ ಟಿವಿಯ ಡಿಜಿಟಲ್ ಔಟ್‌ಪುಟ್ಟನ್ನು ಪಿಸಿಎಂ ಮಾಡಿ, ಆಗ ಟಿವಿಯೇ ಎಲ್ಲ ಸದ್ದನ್ನೂ ಎರಡು ಸ್ಪೀಕರ್‌ಗೆ ಬೆರೆಸಿ ಕೊಡುತ್ತದೆ. ಸೆಂಟರ್ ನಿಜವಾಗಿಯೂ ಇದ್ದರೆ, ಸದ್ದು ಬೆರೆಯದೆ ರಿಸೀವರ್‌ಗೆ ಹೋಗಲು ಬಿಟ್‌ಸ್ಟ್ರೀಮ್ ಅಥವಾ ಆಟೋ ಇರಲಿ. ನೈಟ್ ಮೋಡ್ ಅಂತ ಒಂದು ಇರುತ್ತದೆ, ಅದು ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣದನ್ನು ಏರಿಸುತ್ತದೆ. ಪುಟ್ಟ ಮನೆಗಳಲ್ಲಿ ಹಗಲಿನಲ್ಲೂ ಅದು ಒಳ್ಳೆಯದೇ.

ಎರಡನೆಯದು ವೈರು. ಒಂದು ಸ್ಪೀಕರ್‌ನ ಕೆಂಪು ಕಪ್ಪು ಅದಲುಬದಲಾಗಿದ್ದರೆ ಒಂದು ಸ್ಪೀಕರ್‌ನ ಕೋನ್ (ನಡುಗಿ ಸದ್ದು ಮಾಡುವ ಭಾಗ) ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ. ವಾರ್ತೆ ಹಾಕಿ, ಸೆಂಟರ್ ಆಫ್ ಮಾಡಿ ಎರಡು ಸ್ಪೀಕರ್‌ಗಳ ನಡುವೆ ಕೂರಿ. ಓದುವವರ ದನಿ ಟಿವಿಯ ನಡುವಿನಿಂದ ಬಂದರೆ ಸರಿ. ಎಲ್ಲಿಂದ ಬರುತ್ತಿದೆ ಅಂತ ತೋರದೆ, ತಲೆಯ ಸುತ್ತ ತೇಲಿದಂತಿದ್ದರೆ ವೈರ್ ತಿರುಗಿದೆ. ಬಣ್ಣವಿಲ್ಲದ ಹಳೆ ವೈರ್ ಆದರೆ, ಸ್ಪೀಕರ್ ವೈರನ್ನು ರಿಸೀವರ್‌ನಿಂದ ಬಿಚ್ಚಿ, ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟ್ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿ. ಕೋನ್ ಮುಂದೆ ಬಂದರೆ, ಸೆಲ್ಲಿನ ಪ್ಲಸ್ ಮುಟ್ಟಿದ ವೈರೇ ಕೆಂಪು.

ಮೂರನೆಯದು ಸೆಂಟರ್ ಸ್ಪೀಕರ್ ಇಟ್ಟ ಜಾಗ. ಶೋಕೇಸಿನ ಗೂಡಿನೊಳಗೆ ಹಿಂದಕ್ಕೆ ತಳ್ಳಿದ್ದರೆ ಡಬ್ಬದೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಹಲಗೆಯ ಅಂಚಿನ ತನಕ ಮುಂದೆ ಎಳೆದು, ಕೆಳಗೆ ಒಂದು ರಬ್ಬರ್ ತುಂಡು ಕೊಟ್ಟು ಮುಖವನ್ನು ಕಿವಿಯ ಕಡೆ ಎತ್ತಿ. ನಮ್ಮಲ್ಲಿ ಇದರಿಂದ ಸ್ವಲ್ಪ ಗುಣ ಕಂಡಿತು. ಸ್ವಲ್ಪ ಮಾತ್ರ.

ತುಟಿ ಮತ್ತು ಮಾತು ಹೊಂದದಿರುವುದು ಬೇರೆ ದೋಷ. ಅದು ಟಿವಿ ಚಿತ್ರವನ್ನು ಸಂಸ್ಕರಿಸಲು ತೆಗೆದುಕೊಳ್ಳುವ ಸಮಯದಿಂದ ಆಗುತ್ತದೆ. ರಿಸೀವರ್‌ನ ಆಡಿಯೋ ಡಿಲೇ ತಿರುಗಿಸಿದರೆ ಮುಗಿಯಿತು.

ಕುರ್ಚಿ, ಸಬ್‌ವೂಫರ್ ಮತ್ತು ಹತ್ತಡಿ

ಈಗ ಮುಖ್ಯ ವಿಷಯ. ಬಚ್ಚಲುಮನೆಯಲ್ಲಿ ಹಾಡಿದಾಗ ಯಾವುದೋ ಒಂದು ಸ್ವರ ಮಾತ್ರ ತಾನಾಗಿ ದೊಡ್ಡದಾಗಿ ಮೊಳಗುತ್ತದೆ, ಅಲ್ವಾ? ಚಿಕ್ಕ ಕೋಣೆ ಸಬ್‌ವೂಫರ್‌ಗೂ ಹಾಗೆಯೇ ಮಾಡುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಹೋಗುತ್ತದೆ. ಯಾವ ಸ್ವರದ ಅರ್ಧ ಅಲೆ ಎದುರುಬದುರು ಗೋಡೆಗಳ ನಡುವೆ ಸರಿಯಾಗಿ ಹಿಡಿಸುತ್ತದೋ ಆ ಸ್ವರವನ್ನು ಕೋಣೆ ಹಿಡಿದಿಟ್ಟು ಉಬ್ಬಿಸುತ್ತದೆ. ಲೆಕ್ಕ ಸುಲಭ. 1130ರ ಅರ್ಧ, ಅಂದರೆ 565ನ್ನು, ಕೋಣೆಯ ಅಳತೆಯಿಂದ, ಅಡಿಯಲ್ಲಿ, ಭಾಗಿಸಿ. ನಮ್ಮ ಕೋಣೆಯ ಉದ್ದಕ್ಕೆ 56.5 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಅಗಲಕ್ಕೆ 63, ಎತ್ತರಕ್ಕೆ ಮತ್ತೆ 56.5. ಮೂರೂ ಒಂದೇ ಕಡೆ ಬಂದು ಬಿದ್ದಿವೆ. ಉದ್ದ, ಅಗಲ, ಎತ್ತರ ಬೇರೆಬೇರೆ ಇರುವ ಕೋಣೆಯಲ್ಲಿ ಈ ಉಬ್ಬುಗಳು ಹಂಚಿಹೋಗುತ್ತವೆ. ಹೆಚ್ಚುಕಮ್ಮಿ ಪೆಟ್ಟಿಗೆಯಂತೆ ಚೌಕವಾದ ಕೋಣೆಯಲ್ಲಿ ಒಂದರ ಮೇಲೊಂದು ಕೂರುತ್ತವೆ. ನಮ್ಮ ಕಡೆ ಹತ್ತಕ್ಕೆ ಹತ್ತರ ಕೋಣೆಗಳೇ ಜಾಸ್ತಿ. ಅದಕ್ಕೇ ಈ ದೋಷವೂ ಜಾಸ್ತಿ.

ಈ ಉಬ್ಬು ಕೋಣೆಯ ತುಂಬ ಒಂದೇ ಥರ ಇರುವುದಿಲ್ಲ. ಗೋಡೆಯ ಬಳಿ ಅತಿ ಹೆಚ್ಚು, ಮೂಲೆಯಲ್ಲಿ ಇನ್ನೂ ಹೆಚ್ಚು, ಸರಿಯಾಗಿ ನಡುವೆ ಅತಿ ಕಡಿಮೆ. ನಾವು ಏನು ಮಾಡಿದ್ದೆವು? ಜಾಗ ಉಳಿಯಲಿ ಅಂತ ಸಬ್‌ವೂಫರ್ ಮೂಲೆಗೆ, ಕುರ್ಚಿ ಹಿಂದಿನ ಗೋಡೆಗೆ. ಸದ್ದು ಹುಟ್ಟುವುದೂ ಉಬ್ಬುವ ಜಾಗದಲ್ಲಿ, ಕೇಳುವುದೂ ಉಬ್ಬುವ ಜಾಗದಲ್ಲಿ. ಅಪ್ಪನ ಕಿವಿಗೆ ಬೀಳುತ್ತಿದ್ದುದು ಸಿನಿಮಾದಲ್ಲಿ ಇದ್ದ ಬೇಸ್ ಅಲ್ಲ, ನಮ್ಮ ಕೋಣೆ ಹಾಡುತ್ತಿದ್ದ ಒಂದೇ ಸ್ವರ. ಅದರ ಅಡಿಯಲ್ಲಿ ಮಾತು ಹೂತುಹೋಗುತ್ತಿತ್ತು.

ನಿಮ್ಮ ಕೋಣೆಯಲ್ಲೂ ಹೀಗೇನಾ ಅಂತ ನೋಡಲು 40, 50, 57, 63, 70, 80, 100 ಹರ್ಟ್ಸ್‌ನ ಟೋನ್‌ಗಳನ್ನು ಒಂದೊಂದಾಗಿ, ಸಣ್ಣ ವಾಲ್ಯೂಮ್‌ನಲ್ಲಿ ಹಾಕಿ. ಟೋನ್ ಕೊಡುವ ಪುಕ್ಕಟೆ ಆಪ್‌ಗಳು ಸಿಗುತ್ತವೆ. ಕುರ್ಚಿಯಲ್ಲಿ ಕೂತು ಕೇಳಿ, ಎದ್ದು ಕೋಣೆಯ ನಡುವೆ ನಿಂತು ಕೇಳಿ. ಒಂದು ಟೋನ್ ಕುರ್ಚಿಯಲ್ಲಿ ಅಬ್ಬರಿಸಿ ನಡುವೆ ಮಾಯವಾದರೆ ದೋಷ ಸಿಕ್ಕಿತು. ಫೋನಿನಲ್ಲಿ ಡೆಸಿಬೆಲ್ ಅಳೆಯುವುದಾದರೆ ಒಂದು ಎಚ್ಚರ. ಫೋನಿನ ಮೈಕ್‌ಗೆ ಇಷ್ಟು ಕೆಳಗಿನ ಸ್ವರ ಸರಿಯಾಗಿ ಕೇಳುವುದಿಲ್ಲ. ಒಂದೇ ಟೋನನ್ನು ಎರಡು ಜಾಗದಲ್ಲಿ ಹೋಲಿಸಬಹುದು, 40ನ್ನು 80ರ ಜೊತೆ ಹೋಲಿಸಬಾರದು.

ನಾನು ಮೊದಲು ಹಾಸಿಗೆ ಮಾತ್ರ ತಂದಿಟ್ಟೆ, ಕುರ್ಚಿ ಗೋಡೆಯ ಪಕ್ಕದಲ್ಲೇ. ಪ್ರತಿಧ್ವನಿ ತಗ್ಗಿತು, ಗುಡುಗು ಬಹುತೇಕ ಹಾಗೆಯೇ ಇತ್ತು. ಅದು ಸಹಜ. 57 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 20 ಅಡಿ. ಅದನ್ನು ನಾಲ್ಕಿಂಚಿನ ಹತ್ತಿ ಹೇಗೆ ತಡೆದೀತು? ಆಮೇಲೆ ಹಾಸಿಗೆ ತೆಗೆದು, ಕುರ್ಚಿ ಮಾತ್ರ ಮುಂದಕ್ಕೆ ಎಳೆದೆ. ತಲೆ ಹಿಂದಿನ ಗೋಡೆಯಿಂದ ಮೂರೂವರೆ ಅಡಿ ದೂರಕ್ಕೆ ಬಂತು. ಗುಡುಗು ಇಳಿಯಿತು. ಗೋಡೆಯಿಂದ ಕೋಣೆಯ ಉದ್ದದ ಸುಮಾರು ಶೇಕಡಾ 38ರಷ್ಟು ದೂರ ಬಿಟ್ಟು ಕೂರಿ ಅಂತ ಈ ಕೆಲಸ ಬಲ್ಲವರು ಹೇಳುತ್ತಾರೆ. ಹತ್ತಡಿಯಲ್ಲಿ ಅದು ಮೂರು ಮುಕ್ಕಾಲು ಅಡಿಯ ಹತ್ತಿರ. ಸರಿಯಾಗಿ ನಡುವೆ ಮಾತ್ರ ಕೂರಬೇಡಿ, ಅಲ್ಲಿ ಆ ಸ್ವರದ ಬೇಸ್ ಬಹುತೇಕ ಕಾಣೆಯಾಗುತ್ತದೆ. ಟಿವಿಗೆ ತೀರಾ ಹತ್ತಿರ ಆಯಿತೇನೋ ಅಂತ ಅನುಮಾನ ಬಂತು. 43 ಇಂಚಿಗೆ ಆರಡಿ ದೂರ ಸರಿಯಾಗಿಯೇ ಇದೆ.

ಸಬ್‌ವೂಫರ್‌ಗೆ ಜಾಗ ಹುಡುಕುವ ವಿಧಾನ ಕೇಳಲು ವಿಚಿತ್ರ, ಆದರೆ ಫಲ ಕೊಡುತ್ತದೆ. ಕುರ್ಚಿ ಎತ್ತಿ ಆ ಜಾಗದಲ್ಲಿ ಸಬ್‌ವೂಫರ್ ಇಡಿ. ಬೇಸ್ ಜಾಸ್ತಿ ಇರುವ ಯಾವುದಾದರೂ ಹಾಡು ಹಾಕಿ. ನೀವು ಗೋಡೆಯಂಚಿನಲ್ಲಿ ನೆಲಕ್ಕೆ ಕಿವಿ ಹತ್ತಿರ ಮಾಡಿ ಮೆಲ್ಲಗೆ ತೆವಳುತ್ತಾ ಹೋಗಿ. ಎಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಒಂದೇ ಸಮ ಕೇಳುತ್ತದೋ ಸಬ್‌ವೂಫರ್ ಅಲ್ಲಿರಬೇಕು. ನಮ್ಮಲ್ಲಿ ಅದು ಎಡಗೋಡೆಯ ನಡುಭಾಗ, ಕಿಟಕಿಯ ಕೆಳಗೆ. ನಡುವೆ ಇಟ್ಟಾಗ ಉದ್ದದ ಉಬ್ಬು ಏಳುವುದೇ ಇಲ್ಲ. ಕ್ರಾಸ್‌ಓವರ್, ಅಂದರೆ ಯಾವ ಸ್ವರದಿಂದ ಕೆಳಗಿನದು ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಗಡಿ, 80 ಹರ್ಟ್ಸ್‌ಗೆ ಇಟ್ಟು, ಸಬ್‌ವೂಫರ್ ಹಿಂದಿನ ಫೇಸ್ ಸ್ವಿಚ್ಚನ್ನು (ಕೋನ್ ಮುಂದೆ ಹಿಂದೆ ಚಲಿಸುವುದನ್ನು ತಿರುಗಿಸುವಂಥದ್ದು) 0 ಮತ್ತು 180ರಲ್ಲಿ ಹಾಕಿ ನೋಡಿದೆ, ಯಾವುದರಲ್ಲಿ ಗಂಡುದನಿ ತುಂಬಿಕೊಂಡು ಕೇಳುತ್ತದೋ ಅದರಲ್ಲೇ ಉಳಿಸಿದೆ. ಕೊನೆಗೆ ಸಬ್‌ವೂಫರ್ ವಾಲ್ಯೂಮ್ ಇಳಿಸುತ್ತಾ ಬಂದು, ಅದು ಇದೆ ಅಂತ ಗೊತ್ತಾಗದ ಮಟ್ಟಕ್ಕೆ ನಿಲ್ಲಿಸಿದೆ. ಆಫ್ ಮಾಡಿದಾಗ ಮಾತ್ರ ಅದರ ಕೊರತೆ ಕಾಣಬೇಕು.

ಇಷ್ಟಾದ ಮೇಲೆ ಹಾಸಿಗೆ ವಾಪಸ್ ತಂದೆ. ಎರಡು ಹಳೆಯ ಹತ್ತಿ ಹಾಸಿಗೆ ಹಿಂದಿನ ಗೋಡೆಗೆ ನಿಂತವು, ಮೇಲೆ ಅಮ್ಮ ಒಂದು ಬೆಡ್‌ಶೀಟ್ ಹೊದಿಸಿದರು. ನೆಲಕ್ಕೆ ಒಂದು ಜಮಖಾನ. ಎರಡೂ ಪಕ್ಕದ ಗೋಡೆಯಲ್ಲಿ ಸದ್ದು ಬಡಿದು ಬರುವ ಜಾಗ ಹುಡುಕಲು ಕನ್ನಡಿ ಸಾಕು. ಒಬ್ಬರು ಕುರ್ಚಿಯಲ್ಲಿ ಕೂರಿ, ಇನ್ನೊಬ್ಬರು ಗೋಡೆಯುದ್ದಕ್ಕೂ ಕನ್ನಡಿ ಜರುಗಿಸಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗದಲ್ಲಿ ಏನಾದರೂ ದಪ್ಪನೆಯದನ್ನು ನೇತುಹಾಕಿ. ನಾವು ಉಣ್ಣೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ತೂಗುಹಾಕಿದ್ದೇವೆ. ಚಪ್ಪಾಳೆ ತಟ್ಟಿದರೆ ಮೊದಲು ಬರುತ್ತಿದ್ದ ‘ಟ್ರಿಂಗ್’ ಅನ್ನುವ ಬಾಲ ಈಗ ಇಲ್ಲ.

ಬೇಸ್ ಬಂದಾಗ ಒಂದು ಗರಗರ ಸದ್ದೂ ಇತ್ತು, ಅದು ಟ್ರಂಕಿನದು. ಸ್ಪೀಕರ್ ಹರಿದಿದೆ ಅಂತ ಭಯಪಟ್ಟಿದ್ದೆ. ಟೋನನ್ನು 30ರಿಂದ 100ಕ್ಕೆ ನಿಧಾನವಾಗಿ ಏರಿಸಿದಾಗ 60ರ ಆಸುಪಾಸಿನಲ್ಲಿ ಅಟ್ಟ ಹಾಡತೊಡಗಿತು. ಟ್ರಂಕಿನ ಮೇಲೆ ಕೈಯಿಟ್ಟರೆ ನಿಂತಿತು. ಗೊಂಬೆಗಳ ಕೆಳಗೂ ಮುಚ್ಚಳದ ಅಂಚಿಗೂ ಹಳೆ ಸೀರೆ ತುಂಡು ಕೊಟ್ಟೆವು. ಕಿಟಕಿ ಗಾಜು, ಕಬ್ಬಿಣದ ಬೀರು, ಟ್ಯೂಬ್‌ಲೈಟ್ ಪಟ್ಟಿ, ಎಲ್ಲವನ್ನೂ ಹೀಗೇ ಮುಟ್ಟಿ ನೋಡಿ.

ಗುಂಯ್ ಅನ್ನುವ ಸದ್ದಿದ್ದರೆ

ಇದು ನಮ್ಮ ಮನೆಯದಲ್ಲ, ಮಂಡ್ಯದ ವಿದ್ಯಾನಗರದಲ್ಲಿರುವ ಭಾವನ ಮನೆಯದು. ಏನೂ ಹಾಕದಿದ್ದರೂ ಸಬ್‌ವೂಫರ್ ಸದಾ ಗುಂಯ್ ಅನ್ನುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಈ ಸದ್ದು 50 ಅಥವಾ 100ರಲ್ಲಿ ಬರುತ್ತದೆ. ರಿಸೀವರ್‌ಗೆ ಬರುವ ಎಲ್ಲ ಕೇಬಲ್ ಕಿತ್ತು, ಸಬ್‌ವೂಫರ್ ಮಾತ್ರ ಉಳಿಸಿದೆವು. ನಿಶ್ಶಬ್ದ. ಒಂದೊಂದೇ ಕೇಬಲ್ ಸಿಕ್ಕಿಸುತ್ತಾ ಬಂದೆವು. ಸೆಟ್‌ಟಾಪ್ ಬಾಕ್ಸ್ ಬಂದಾಗ ಗುಂಯ್ ಶುರು. ಬಾಕ್ಸ್ ಹಾಗೇ ಇಟ್ಟು, ಬೀದಿಯಿಂದ ಬರುವ ಕೇಬಲ್ ಮಾತ್ರ ತಿರುಗಿಸಿ ಬಿಚ್ಚಿದೆವು. ಮತ್ತೆ ನಿಶ್ಶಬ್ದ. ಬೀದಿ ಕೇಬಲ್ಲಿನ ಹೊರಕವಚಕ್ಕೆ ಒಂದು ಕಡೆ ಅರ್ತ್, ಮನೆಯ ಪ್ಲಗ್ಗಿಗೆ ಇನ್ನೊಂದು ಕಡೆ ಅರ್ತ್. ಎರಡರ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸ ನಿಮ್ಮ ಆಡಿಯೋ ವೈರ್ ಮೂಲಕ ಹರಿಯುತ್ತದೆ, ಅದೇ ಸದ್ದು. ಬಾಕ್ಸಿನಿಂದ ರಿಸೀವರ್‌ಗೆ ಇದ್ದ ತಾಮ್ರದ ಆಡಿಯೋ ವೈರ್ ತೆಗೆದು ಆಪ್ಟಿಕಲ್ ಕೇಬಲ್ ಹಾಕಿದೆವು. ಅದರಲ್ಲಿ ಹೋಗುವುದು ಬೆಳಕು, ಲೋಹದ ಸಂಪರ್ಕವೇ ಇಲ್ಲ. ಸದ್ದು ಹೋಯಿತು.

ಕೆಲವರು ಪ್ಲಗ್ಗಿನ ಮೂರನೇ ಪಿನ್, ಅರ್ತ್ ಪಿನ್, ಮುರಿದು ಹಾಕಿ ಅನ್ನುತ್ತಾರೆ. ಸದ್ದು ನಿಲ್ಲಬಹುದು, ಆದರೆ ಅದು ಪ್ರಾಣಕ್ಕೆ ಅಪಾಯ. ದಯವಿಟ್ಟು ಮಾಡಬೇಡಿ. ರಿಸೀವರ್ ಮೈ ಮುಟ್ಟಿದಾಗ ಬೆರಳಿಗೆ ಜುಂ ಅಂದರೆ ನಿಮ್ಮ ಮನೆಯ ಅರ್ತ್ ಕೆಲಸ ಮಾಡದೆ ಇರಬಹುದು. ಎಲೆಕ್ಟ್ರಿಷಿಯನ್ ಕರೆಸಿ ಫೇಸ್ ಮತ್ತು ಅರ್ತ್ ನಡುವೆ 230ರ ಹತ್ತಿರ ಬರುತ್ತದೆಯೇ ಅಂತ ನೋಡಿಸಿ. ಆಮೇಲೆ ಸಿನಿಮಾ. ಇನ್ನು, ಸದ್ದು ಗುಂಯ್ ಅಲ್ಲದೆ ಚುರುಚುರು ಅಂತಿದ್ದು ಫ್ಯಾನ್ ಸ್ಪೀಡ್ ಬದಲಿಸಿದಾಗ ಬದಲಾದರೆ ರೆಗ್ಯುಲೇಟರ್ ಕಾರಣ. ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿದರೆ ಹೋಗುತ್ತದೆ.

ಉಳಿದ ತಪ್ಪು

ಕುರ್ಚಿ, ಸಬ್‌ವೂಫರ್, ಹಾಸಿಗೆ ಎಲ್ಲ ಆದ ಮೇಲೆ ಅಪ್ಪನಿಗೆ ಅದೇ 20 ಪದ ಹಾಕಿದೆ. ಬಹುತೇಕ ಎಲ್ಲ ಸರಿ. ಆದರೆ ಸಾಲು ಮತ್ತು ಹಾಲು ಮಾತ್ರ ಪ್ರತಿ ಸಲ ಅದಲುಬದಲು. ನನಗೆ, ಅಮ್ಮನಿಗೆ ಆ ಎರಡೂ ಸ್ಪಷ್ಟವಾಗಿ ಕೇಳುತ್ತಿದ್ದವು. ‘ಸ’ ತುಂಬಾ ಮೇಲಿನ ಆವರ್ತನದ ಸದ್ದು, ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಆ ಭಾಗವನ್ನೇ. ಒಂದೇ ಅಕ್ಷರ, ಒಬ್ಬರಿಗೆ ಮಾತ್ರ, ಪ್ರತಿ ಸಲ ತಪ್ಪಿದರೆ ಅಲ್ಲಿಗೆ ಯಂತ್ರದ ತಪಾಸಣೆ ಮುಗಿಸಿ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸ ಮಾಡುತ್ತಿದೆ, ಊರಲ್ಲೇ ಇದೆ. ಅಪ್ಪನನ್ನು ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆವು. ಈಗ ಅವರ ಬಲಕಿವಿಗೆ ಶ್ರವಣ ಸಾಧನ ಇದೆ. ಅದನ್ನು ಹಾಕಿಕೊಂಡು ಬಂದ ದಿನ ಟಿವಿ ಹಾಕುವ ಮೊದಲೇ ಕೋಣೆಯಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ, “ಫ್ಯಾನ್ ಸದ್ದು ಮಾಡ್ತಿದೆ, ಎಣ್ಣೆ ಬಿಡ್ಸು” ಅಂದರು.